ಲೇಟುಕಲ್ಲಿನ ಮೇಲೆ ಕೂತವರು

ಮಿಲ್ಲಿನ ಸೈರನ್ನು ಬಾಯಿ ಮುಚ್ಚಿದ ಮೇಲೆ ಆ ಬೀದಿಗೆ ಹೊತ್ತು ಸಾರುವ ಹೊಣೆ ಒಬ್ಬ ಹೆಂಗಸಿನ ಗಂಟಲಿಗೆ ಬಂದು ಬಿತ್ತು. ಯಾರೂ ಕರೆದು ಪಟ್ಟ ಕಟ್ಟಿದ್ದಲ್ಲ. ಸಿಂಹಾಸನ ಖಾಲಿ ಇತ್ತು, ಆಕೆ ಹೋಗಿ ಕೂತಳು, ಅಷ್ಟೆ. ಬೆಳಿಗ್ಗೆ ಬೀದಿ ನಲ್ಲಿಯ ಮುಂದೆ ನಿಂತು "ನೀರು ಬಂತು ಕಣ್ರೇ" ಎಂದರೆ ಸಾಲುಮನೆಗಳ ಕೊಡಗಳು ತಾವಾಗಿಯೇ ಎದ್ದು ಬರುತ್ತಿದ್ದವು. ಸಂಜೆ "ಬಾರೋ ಮನೆಗೆ" ಎಂದು ಮಗನನ್ನು ಕರೆದರೆ ಅವನ ಹಿಂದೆ ಅಕ್ಕಪಕ್ಕದ ಮನೆಗಳ ಮಕ್ಕಳೂ, ಯಾರಿಗೂ ಸಂಬಂಧಪಡದ ಒಂದು ನಾಯಿಯೂ ಓಡಿ ಬರುತ್ತಿದ್ದವು. ಹೀಗೆ ಆಕೆಗೆ ಸೈರನ್ನಮ್ಮ ಎಂಬ ಬಿರುದು ಬಂತು. ಹೆತ್ತವರು ಇಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ಮಲಗಿ ನಿದ್ದೆ ಹೊಡೆಯುತ್ತಿತ್ತು.

ಆ ಗಂಟಲು ಹುಟ್ಟಿದ್ದು ನೇಯ್ಗೆ ಶೆಡ್ಡಿನಲ್ಲಿ. ಶೆಡ್ಡು ಎಂದರೆ ಏನೆಂದುಕೊಂಡಿರಿ? ನೂರಾರು ಮಗ್ಗಗಳು ಒಟ್ಟಿಗೆ ಕುಣಿಯುವಾಗ ಹೊರಗೆ ಸಿಡಿಲು ಬಡಿದರೂ ಒಳಗಿನವರಿಗೆ ಸುದ್ದಿ ಮುಟ್ಟುತ್ತಿದ್ದುದು ಮಾರನೆಯ ದಿನ. ಅಲ್ಲಿ ಕಿವಿ ಇದ್ದೂ ಇಲ್ಲದ ಅಂಗ. ಮಾತೆಲ್ಲ ತುಟಿಯಲ್ಲಿ. ಸದ್ದಿಲ್ಲದೆ ತುಟಿ ಅಗಲಿಸಿ, ಚೂಪು ಮಾಡಿ, ಕೊಂಕಿಸಿ, ಹತ್ತು ಮಗ್ಗದಾಚೆ ನಿಂತವಳ ಜೊತೆ ಮನೆಕತೆಯನ್ನೆಲ್ಲ ಆಡುತ್ತಿದ್ದರು. ಸೈರನ್ನಮ್ಮನ ಮದುವೆ ನಿಶ್ಚಯವಾದದ್ದೂ ಹಾಗೇ. ಎದುರು ಮಗ್ಗದ ಹುಡುಗಿ ಒಂದು ದಿನ ತುಟಿಯಲ್ಲೇ, "ನಮ್ಮಣ್ಣನ್ನ ಮದ್ವೆ ಆಗ್ತೀಯಾ?" ಎಂದಳು. ಸೈರನ್ನಮ್ಮ ಹರಿದ ಎಳೆ ಗಂಟು ಹಾಕಿ, ಲಾಳಿ ಬದಲಿಸಿ, ಸಾವಧಾನವಾಗಿ ತಲೆಯೆತ್ತಿ, "ಗೊರಕೆ ಹೊಡೀತಾನಾ?" ಎಂದಳು. "ಹೊಡೀತಾನೆ" ಎಂದು ಬಂತು ಉತ್ತರ. "ಪರವಾಗಿಲ್ಲ, ನಂಗೆ ಕೇಳಿಸಲ್ಲ" ಎಂದಳು. ಅಷ್ಟರಲ್ಲಿ ಮದುವೆ ಮುಗಿದಂತೆಯೇ. ಎದುರು ಮಗ್ಗದ ಹುಡುಗಿ ನಾದಿನಿಯಾದಳು. ಅಣ್ಣ ಎಂಬ ಆ ಸಾಧುಪ್ರಾಣಿ, ಮಗ್ಗಗಳಿಗೆ ಎಣ್ಣೆ ಬಿಡುವ ಕೆಲಸದವನು, ಗೊರಕೆ ಹೊಡೆಯುತ್ತ ಸುಖವಾಗಿ ಬಾಳಿ, ಹಾಗೇ ಒಂದು ಮಧ್ಯಾಹ್ನ ಗೊರಕೆ ನಿಲ್ಲಿಸಿದ.

ಈ ನಾದಿನಿಗೆ ಒಂದು ಕಾಯಿಲೆ ಇತ್ತು. ಸುಳ್ಳು ಬರುತ್ತಿರಲಿಲ್ಲ. ಬೇರೆಯವರಿಗೆ ಹಾಡು ಬರುವುದಿಲ್ಲ, ಈಜು ಬರುವುದಿಲ್ಲ, ಇವಳಿಗೆ ಸುಳ್ಳು. ಮಿಲ್ಲಿನ ಗೇಟಿನ ಪಕ್ಕದಲ್ಲಿ ಟೈಂ ಆಫೀಸು ಎಂಬ ಗಾಜಿನ ಗೂಡಿತ್ತು. ತಡವಾಗಿ ಬಂದವರು ಅದರ ಮುಂದೆ ನಿಂತು ಕಾರಣ ಹೇಳಬೇಕು. ಸೈರನ್ನಮ್ಮನಿಗೆ ಕಾರಣಕ್ಕೆ ಬರವೇ? ತನ್ನ ಸೋದರತ್ತೆಯೊಬ್ಬಳನ್ನೇ ಹಲವು ಸಲ ಸಾಯಿಸಿ ಒಳಗೆ ಹೋಗಿದ್ದಳು. ನಾದಿನಿ ಮಾತ್ರ, "ಎಚ್ಚರ ಆಗಿತ್ತು ಸ್ವಾಮಿ, ಏಳೋಕೆ ಮನಸ್ಸಾಗ್ಲಿಲ್ಲ" ಎನ್ನುವಳು. ಅವಳನ್ನು ಗೇಟಿನ ಹೊರಗಿನ ಉದ್ದನೆಯ ಚಪ್ಪಡಿ ಕಲ್ಲಿನ ಮೇಲೆ ಮುಂದಿನ ಪಾಳಿಯವರೆಗೂ ಕೂರಿಸುತ್ತಿದ್ದರು. ಅದಕ್ಕೆ ಲೇಟುಕಲ್ಲು ಎಂದು ಹೆಸರು. ಹೋಗುವ ಬರುವ ಜನವೆಲ್ಲ ನೋಡಿ ನಗಲಿ ಎಂದೇ ಹಾಕಿಸಿದ ಕಲ್ಲು. ಅದರ ಮೇಲೆ ಅತಿ ಹೆಚ್ಚು ಹೊತ್ತು ಕೂತ ಕೀರ್ತಿ ನಾದಿನಿಯದೇ.

ಮಿಲ್ಲು ಮುಚ್ಚಿದ ಸಂಜೆ ಈ ಇಬ್ಬರೂ ಏನೂ ತೋಚದೆ ಬಂದು ಅದೇ ಕಲ್ಲಿನ ಮೇಲೆ ಕೂತರು. ಈಗ ಏಳು ಎನ್ನುವವರಿರಲಿಲ್ಲ, ಒಳಗೆ ಬಾ ಎನ್ನುವವರೂ ಇರಲಿಲ್ಲ. ಮಗ್ಗಗಳು ನಿಂತಿದ್ದವು. ಸೈರನ್ನಮ್ಮ ಬಾಯಿ ಬಿಟ್ಟು ಏನೋ ಅಂದಳು. ನಾದಿನಿ ಅವಳ ಕಡೆ ತಿರುಗಿ ಬಹಳ ಹೊತ್ತು ನೋಡಿದಳು.

"ಅತ್ತಿಗೆ, ನಿಮ್ಮ ದನಿ ಇಷ್ಟು ಕೆಟ್ಟದಾಗಿದೆಯಾ?"

"ನಿಂದೇನು ಕೋಗಿಲೇನೇ? ಕಾಗೆ ಗಂಟಲಿಗೆ ಮೂಳೆ ಸಿಕ್ಕಿದ ಹಾಗಿದೆ."

ಅರ್ಧ ಆಯಸ್ಸು ಜೊತೆಗೆ ಮಾತಾಡಿದವರು ಒಬ್ಬರ ದನಿ ಒಬ್ಬರು ನೆಟ್ಟಗೆ ಕೇಳಿದ್ದು ಅಂದೇ. ಮನೆಯಲ್ಲಿ ಒಲೆ, ಮಕ್ಕಳು, ನಿದ್ದೆ. ಮಾತಿಗೆ ಬಿಡುವಿದ್ದದ್ದು ಶೆಡ್ಡಿನಲ್ಲಿ ಮಾತ್ರ, ಅಲ್ಲಿ ದನಿಗೆ ಜಾಗವಿರಲಿಲ್ಲ. ಕೂಡಿಟ್ಟ ಸದ್ದನ್ನೆಲ್ಲ ಅವರು ಅಂದಿನಿಂದ ಪ್ರತಿ ಸಂಜೆ ಆ ಕಲ್ಲಿನ ಮೇಲೆ ಕೂತು ಖರ್ಚು ಮಾಡತೊಡಗಿದರು. ಇಬ್ಬರ ಕಿವಿಯೂ ಅಷ್ಟಕ್ಕಷ್ಟೇ ಆದ್ದರಿಂದ ಖರ್ಚು ಧಾರಾಳವಾಗಿಯೇ ಇತ್ತು.

ಬಹಳ ವರ್ಷ ಮಿಲ್ಲು ಪಾರಿವಾಳಗಳ ಒಡೆತನದಲ್ಲಿತ್ತು. ಆಮೇಲೆ ಒಂದು ದಿನ ಪೇಟೆಯವರಿಗೆ ಜ್ಞಾನೋದಯವಾಯಿತು. ಪೇಟೆಯ ನಡುಭಾಗಕ್ಕೆ ಕಾಲ್ನಡಿಗೆಯ ದೂರದಲ್ಲಿ ಇಷ್ಟು ದೊಡ್ಡ ಹಾಳು ಇಟ್ಟುಕೊಂಡು ನಾವು ಎಂಥ ಮೂಢರು ಎಂದುಕೊಂಡರು. ಸುಣ್ಣ ಗಾರೆ ಕೆರೆದು ಇಟ್ಟಿಗೆ ತೋರಿಸಿದರು. ಇಟ್ಟಿಗೆ ಕಂಡಷ್ಟೂ ಬಾಡಿಗೆ ಏರಿತು. ಸೈರನ್ನಮ್ಮನ ಸಾಲುಮನೆಯ ಗಾರೆ ತಾನಾಗಿಯೇ ಉದುರಿ ಮುಂಚಿನಿಂದಲೂ ಇಟ್ಟಿಗೆ ಹಲ್ಲು ಕಿಸಿಯುತ್ತಿತ್ತು. ಅದಕ್ಕೆ ಮಾತ್ರ ದುರಸ್ತಿ ಮಾಡಿಸಿ ಎಂದು ನಗರಸಭೆಯವರು ಬೈದು ಹೋದರು. ನೇಯ್ಗೆ ಶೆಡ್ಡು ಮನೆಗಳಾಯಿತು. ಗೋಡೆಗಿಂತ ಗಾಜೇ ಹೆಚ್ಚಿರುವ, ಮಲಗುವ ಕೋಣೆಗೂ ಅಡುಗೆ ಮನೆಗೂ ನಡುವೆ ಬಾಗಿಲೇ ಇಲ್ಲದ ಮನೆಗಳು. ಬಾಯ್ಲರ್ ಇದ್ದ ಕೋಣೆ ಬಾಯ್ಲರ್ ಎಂಬ ಹೆಸರಿನ ಕಾಫಿ ಅಂಗಡಿಯಾಯಿತು. ಅಲ್ಲಿಗೆ ಸೈರನ್ನಮ್ಮನ ಸೊಸೆಯೇ ಕೆಲಸಕ್ಕೆ ಸೇರಿದಳು. ಅಂಗಡಿಯ ಗೋಡೆಯ ತುಂಬ ಒಂದು ಹಳೆಯ ಫೋಟೋ ದೊಡ್ಡದು ಮಾಡಿಸಿ ಹಾಕಿದ್ದರು: ಮಗ್ಗಗಳ ನಡುವೆ ನಿಂತ ಹೆಂಗಸರು. ಕೆಳಗೆ "ಹೆಸರು ತಿಳಿಯದ ಕಾರ್ಮಿಕರು" ಎಂಬ ಹಿತ್ತಾಳೆಯ ಫಲಕ. ಹೆಸರು ತಿಳಿಯದ ಎಡಗಡೆಯವಳ ಮೂಗನ್ನು ಸೊಸೆ ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಆ ಮೂಗು ಮನೆಯಲ್ಲಿ ಅವಳ ಅಡುಗೆಯನ್ನು ಮೂಸಿ ತಪ್ಪು ಹುಡುಕುವ ಮೂಗೇ ಆಗಿತ್ತು.

ಹೊಸ ನಿವಾಸಿಗಳ ಸಂಘಕ್ಕೆ ಒಬ್ಬ ಅಧ್ಯಕ್ಷರು. ಕಂಪನಿಗಳಿಗೆ ಹೋಗಿ ನೌಕರರಿಗೆ ಸಂತೋಷವಾಗಿರುವುದು ಹೇಗೆಂದು ಪಾಠ ಹೇಳುವುದು ಅವರ ಉದ್ಯೋಗ. ಅವರೇ ಸಂತೋಷವಾಗಿದ್ದುದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಸಂಜೆ ನಾಯಿ ಹಿಡಿದು ಗೇಟಿನಿಂದ ಹೊರಬಂದಾಗಲೆಲ್ಲ ಕಲ್ಲಿನ ಮೇಲಿನ ಇಬ್ಬರ ಮುಂದೆ ನಿಂತು, ತುಟಿಗೆ ಬೆರಳಿಟ್ಟು, "ಅಮ್ಮಾ, ಸ್ವಲ್ಪ ನಿಧಾನ. ಜನ ಇಲ್ಲಿಗೆ ನೆಮ್ಮದಿಗಾಗಿ ಬಂದಿದ್ದಾರೆ" ಎನ್ನುತ್ತಿದ್ದರು.

"ಏನಂದ್ರಿ? ಜೋರಾಗಿ ಹೇಳಿ ಸ್ವಾಮಿ, ಕಿವಿ ಮಂದ" ಎನ್ನುವಳು ಸೈರನ್ನಮ್ಮ. ಅವರು ನಿಧಾನ ಎಂಬ ಮಾತನ್ನು ಮೂರು ಸಲ ಕಿರುಚುತ್ತಿದ್ದರು, ಮೂರನೆಯ ಸಲ ನಾಯಿಯೇ ಬೆದರಿ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಆಕೆ ಅವರಿಗೆ ನಿಶ್ಶಬ್ದರಾಯ ಎಂದು ಹೆಸರಿಟ್ಟಳು.

ಅಷ್ಟೇ ಅಲ್ಲ, ಅವರು ಗೇಟಿನಲ್ಲಿ ಕಂಡೊಡನೆ ಇಬ್ಬರೂ ಒಂದು ಹಳೆಯ ಮುಖ ಮಾಡುತ್ತಿದ್ದರು. ಶೆಡ್ಡಿನಲ್ಲಿ ಮೇಸ್ತ್ರಿ ಬರುವುದನ್ನು ಕಂಡವಳು ಕೆಳತುಟಿಯನ್ನು ಒಳಗೆ ಕಚ್ಚಿ, ಬಾಯನ್ನು ಎಡಕ್ಕೆ ಎಳೆದು, ಎಡಗಣ್ಣನ್ನು ಅರೆ ಮುಚ್ಚುತ್ತಿದ್ದಳು. ಮಗ್ಗದಿಂದ ಮಗ್ಗಕ್ಕೆ ಆ ಮುಖ ಗಾಳಿಯಂತೆ ಸಾಗಿ, ಮೇಸ್ತ್ರಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಇಡೀ ಶೆಡ್ಡು ಪತಿವ್ರತೆಯಂತೆ ತಲೆ ತಗ್ಗಿಸಿ ದುಡಿಯುತ್ತಿತ್ತು. ಆ ಮುಖದ ಅರ್ಥ ಒಂದೇ: "ಕತ್ತೆ ಬಂತು."

ಟೈಂ ಆಫೀಸಿನ ಗಾಜಿನ ಗೂಡು ಈಗ ಸಂಘದ ಸಭೆಯ ಕೋಣೆ. ಹೊಸ ಗಾಜು ಎಷ್ಟು ದಪ್ಪವೆಂದರೆ ಒಳಗಿನ ಸದ್ದು ಒಂದಿಷ್ಟೂ ಹೊರಗೆ ಬಾರದು. ಗೋಡೆಗೂ ಕಿವಿ ಇರುತ್ತದೆ ಎಂದು ಹೆದರುವ ಜನ ಗಾಜಿಗೆ ಕಿವಿಯಿಲ್ಲ ಎಂದು ಧೈರ್ಯವಾಗಿದ್ದರು. ಎದುರು ಕಲ್ಲಿನ ಮೇಲೆ ಎರಡು ಜೊತೆ ಕಣ್ಣುಗಳಿವೆ, ಆ ಕಣ್ಣುಗಳು ಅರ್ಧ ಆಯಸ್ಸು ತುಟಿ ಓದಿಯೇ ಸಂಸಾರ ಮಾಡಿವೆ ಎಂದು ಅವರಿಗೆ ಹೇಳುವವರಾರು? ಒಂದು ಕಾಲಕ್ಕೆ ಆ ಗೂಡಿನೊಳಗಿಂದ ಇವರನ್ನು ನೋಡುತ್ತಿದ್ದರು. ಈಗ ಇವರು ಕೂತು ಗೂಡನ್ನು ನೋಡುತ್ತಿದ್ದರು. ದಿನಾ ಸಂಜೆ ಪುಕ್ಕಟೆ ನಾಟಕ. ಒಳಗಿನವರ ಮಾತಿಗೆ ಹೊರಗೆ ಕೂತು ದನಿ ಕೊಡುವುದು ಅವರ ಆಟ. ನಿಶ್ಶಬ್ದರಾಯರ ಪಾತ್ರ ಸೈರನ್ನಮ್ಮನದು, ಸಂಘದ ಖಜಾಂಚಿಯ ಪಾತ್ರ ನಾದಿನಿಯದು.

ಒಂದು ಸಂಜೆ ಒಳಗೆ ದೀಪ ಹತ್ತಿತು, ನಾಟಕ ಶುರುವಾಯಿತು.

"'ಮಿತ್ರರೇ,'" ಎಂದಳು ಸೈರನ್ನಮ್ಮ ಗಂಟಲು ದಪ್ಪ ಮಾಡಿ, "'ನಮ್ಮ ಬಡಾವಣೆಗೆ ಒಂದು ಆತ್ಮ ಬೇಕು.'"

"'ಎಷ್ಟು ದುಡ್ಡಿಗೆ ಬರುತ್ತೆ?'" ಎಂದಳು ನಾದಿನಿ, ಖಜಾಂಚಿಯಾಗಿ.

"'ಇಲ್ಲಿ ದುಡಿದ ಹೆಣ್ಣುಮಕ್ಕಳ ನೆನಪಿಗೆ ಒಂದು ಕಂಚಿನ ಪ್ರತಿಮೆ. ದೊಡ್ಡ ಶಿಲ್ಪಿ ಒಪ್ಪಿದ್ದಾರೆ. ತಲೆ ಎತ್ತಿ ನಿಂತ ಹೆಣ್ಣು.' ನೋಡೇ, ನಮ್ಮ ಪ್ರತಿಮೆಯಂತೆ. ಕಾಲ ಬಂತು ಬಿಡು."

"'ಜಾಗ ಎಲ್ಲಿ?'"

"'ಗೇಟಿನ ಮುಂದೆ. ಆ ಹಳೆ ಕಲ್ಲು ಕಿತ್ತು ಹಾಕಿದ್ರೆ...'" ಸೈರನ್ನಮ್ಮನ ದಪ್ಪ ಗಂಟಲು ತೆಳ್ಳಗಾಯಿತು.

ನಾದಿನಿ ಕೂತ ಕಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. ಒಳಗೆ ಖಜಾಂಚಿ ಏನೋ ಕೇಳಿದ. ನಿಶ್ಶಬ್ದರಾಯರು ನಕ್ಕರು. ಸೈರನ್ನಮ್ಮ ಈ ಸಲ ಪಾತ್ರ ಬಿಟ್ಟು ತನ್ನ ದನಿಯಲ್ಲೇ ಓದಿದಳು: "'ಕಲ್ಲು ಹೋದ್ರೆ ಆ ಮುದುಕಿಯರೂ ತಾವಾಗೇ ಹೋಗ್ತಾರೆ. ಪ್ರತಿಮೆ ಗಲಾಟೆ ಮಾಡಲ್ಲ.'"

ಆ ಸಂಜೆ ಸೈರನ್ನಮ್ಮ ಯಾರಿಗೂ ಹೊತ್ತು ಸಾರಲಿಲ್ಲ. ಅಂದು ಬೀದಿಯಲ್ಲಿ ಅನೇಕರು ಹೊತ್ತು ತಪ್ಪಿ ಊಟ ಮಾಡಿದರು.

ಕಲ್ಲು ಹೋದರೆ ಏನು ಹೋಗುತ್ತದೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಸೈರನ್ನಮ್ಮನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಅದರಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವ ಮಗ. "ಅತ್ತೆ, ಮೆಲ್ಲಗೆ" ಎನ್ನುವುದನ್ನೇ ಉಸಿರು ಮಾಡಿಕೊಂಡ ಸೊಸೆ. ನಾದಿನಿ ಹಿಂದಿನ ಬೀದಿಯಲ್ಲಿ ಮಗಳ ಮನೆಯ ಅಟ್ಟದ ಮೇಲಿದ್ದಳು. ಆ ಮನೆಯಲ್ಲಿ ಪರೀಕ್ಷೆಗೆ ಓದುವವರು ಇಡೀ ವರ್ಷ ಓದುತ್ತಲೇ ಇದ್ದರು. ಬಾಯಿ ತುಂಬ ಮಾತಾಡಲು ಇಬ್ಬರಿಗೂ ಭೂಮಿಯ ಮೇಲಿದ್ದ ಜಾಗ ಅಷ್ಟುದ್ದ ಕಲ್ಲು ಮಾತ್ರ.

ಸುದ್ದಿ ಕೇಳಿದ ಸೊಸೆ ಕೈ ಮುಗಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ ಜಗಳ ಮಾಡ್ಬೇಡಿ. ಗಾಜಿನೊಳಗಿನ ಮಾತು ನಿಮಗೆ ಹೆಂಗೆ ಗೊತ್ತಾಯ್ತು ಅಂತ ಕೇಳಿದ್ರೆ ನಾಳೆಯಿಂದ ಪರದೆ ಹಾಕ್ತಾರೆ. ನನ್ನ ಕೆಲಸಕ್ಕೂ ಕುತ್ತು."

"ಜಗಳ ಯಾಕೆ ಮಾಡ್ಲಿ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಶಿಲ್ಪಿ ಯಾವತ್ತು ಬರ್ತಾನೆ, ಅಷ್ಟು ಹೇಳು ಸಾಕು."

"ನೀವು ಕೋಲು ಎತ್ತಿದ್ರೆ ಹಾವು ಬಿಟ್ಟು ಉಳಿದೋರೆಲ್ಲ ಸಾಯ್ತಾರೆ" ಎಂದು ಗೊಣಗಿದ ಸೊಸೆ, ದಿನವನ್ನೇನೋ ಹೇಳಿದಳು.

ಸೈರನ್ನಮ್ಮ ಯುದ್ಧವ್ಯೂಹ ರಚಿಸಿದಳು. ನಿಂತ ಪ್ರತಿಮೆಗೆ ಪೀಠ ಬೇಕು, ಪೀಠಕ್ಕೆ ಕಲ್ಲು ಹೋಗಬೇಕು. ಕೂತ ಪ್ರತಿಮೆಯಾದರೆ? ಕೂರಲು ಏನಾದರೂ ಬೇಕೇ ಬೇಕಲ್ಲ. ಆದ್ದರಿಂದ ಮಿಲ್ಲಿನ ಹೆಂಗಸರು ಕೂತೇ ದುಡಿದರು ಎಂದು ಶಿಲ್ಪಿಯನ್ನು ನಂಬಿಸಬೇಕು.

ನಾದಿನಿ ಈ ವ್ಯೂಹ ಕೇಳಿ ಕಂಗಾಲಾದಳು. "ಕೂತಿದ್ವಾ ಅತ್ತಿಗೆ? ನಿಂತೂ ನಿಂತೂ ಕಾಲಿನ ನರ ಹಗ್ಗ ಆಗಿಲ್ವಾ ನಿಮ್ಗೆ? ನೂಲಿನ ಪೆಟ್ಟಿಗೆ ಮೇಲೆ ಒಂದು ನಿಮಿಷ ಕುಂಡಿ ಊರಿದ್ದಕ್ಕೆ ಹೊರಗೆ ಹಾಕಿರಲಿಲ್ವಾ ನನ್ನ?"

"ಆಗ ಕೂರಲಿಲ್ಲ ಅಂತಲೇ ಈಗ ಕೂರ್ಬೇಕು ಕಣೇ. ನೀನು ಸುಳ್ಳು ಹೇಳ್ಬೇಡ, ಬರೀ ಹೂಂ ಅನ್ನು."

"ಹೂಂ ಅಂದ್ರೂ ಸುಳ್ಳೇ."

"ಹರಿಶ್ಚಂದ್ರನ ಮೊಮ್ಮಗಳು" ಎಂದು ಹಣೆ ಚಚ್ಚಿಕೊಂಡಳು ಸೈರನ್ನಮ್ಮ.

ಶಿಲ್ಪಿ ಬಂದ. ದೊಡ್ಡ ಹೆಸರು, ಅದಕ್ಕಿಂತ ದೊಡ್ಡ ಹೊಟ್ಟೆ, ಅವೆರಡಕ್ಕಿಂತ ದೊಡ್ಡ ಕರವಸ್ತ್ರ. ಅವನಿಗೆ ಕಣ್ಣೀರು ರೆಪ್ಪೆಯ ತುದಿಯಲ್ಲೇ ವಾಸ. ಗೇಟಿನ ತುಕ್ಕು ಕಂಡು ಒಮ್ಮೆ ಅತ್ತ. ತುಕ್ಕು ಬಣ್ಣದಲ್ಲಿ ಬಳಿದದ್ದು ಎಂದು ತಿಳಿದ ಮೇಲೆ ಇನ್ನೊಮ್ಮೆ ಅತ್ತ. "ಅಂದಿನ ಹೆಂಗಸರು ಯಾರಾದರೂ ಬದುಕಿದ್ದಾರಾ?" ಎಂದು ಅವನು ಕೇಳಿದ್ದೇ ತಡ, ಕಾಫಿ ತಂದಿಟ್ಟ ಸೊಸೆ ನೆಲ ನೋಡುತ್ತ, "ಹೊರಗೆ ಕೂತಿದ್ದಾರೆ" ಎಂದಳು. ನಿಶ್ಶಬ್ದರಾಯರ ಮುಖ ಹುಳಿಯಾಯಿತು. ಆದರೆ ಕರೆಯದೆ ವಿಧಿಯಿರಲಿಲ್ಲ.

ಹೀಗೆ ಇಬ್ಬರೂ ಬಾಯ್ಲರ್ ಅಂಗಡಿಯ ಒಳಗೆ, ಆ ದೊಡ್ಡ ಫೋಟೋದ ಕೆಳಗೆ, ಕಾಲು ನೆಲಕ್ಕೆ ಎಟುಕದ ಎತ್ತರದ ಸ್ಟೂಲುಗಳ ಮೇಲೆ ಏರಿ ಕೂತರು.

"ಹೇಳಿ ತಾಯಿ. ಹೇಗೆ ದುಡಿದಿರಿ?" ಎಂದ ಶಿಲ್ಪಿ, ಕರವಸ್ತ್ರ ಸಿದ್ಧಮಾಡಿಕೊಂಡು.

"ಕೂತೇ ಸ್ವಾಮಿ," ಎಂದಳು ಸೈರನ್ನಮ್ಮ. ಅಂಗಡಿಯ ಕಪ್ಪುಗಳೆಲ್ಲ ಒಮ್ಮೆ ಕಿಣಿಕಿಣಿ ಎಂದವು. "ಬೆಳಿಗ್ಗೆ ಕೂತರೆ ಸಂಜೆವರೆಗೂ. ಮಹಾರಾಣಿಯರ ಹಾಗೆ. ಮಗ್ಗ ತನ್ನ ಪಾಡಿಗೆ ನೇಯೋದು, ನಾವು ನಮ್ಮ ಪಾಡಿಗೆ ಕೂತಿರೋದು. ನಿಂತವಳನ್ನ ಕಂಡ್ರೆ ಮೇಸ್ತ್ರಿಗೆ ಕೋಪ ಬರೋದು, 'ಕೂತ್ಕೋ ತಾಯಿ, ಕಾಲು ನೋಯುತ್ತೆ' ಅನ್ನೋರು."

ಸುಳ್ಳು ಹೇಳುವವಳು ಮೂರನೆಯ ಮಾತಿಗೇ ನಿಲ್ಲಿಸಬೇಕಿತ್ತು. ಆದರೆ ಕಲಾವಿದೆಗೆ ತೃಪ್ತಿ ಎಲ್ಲಿ? ಮೇಸ್ತ್ರಿಯ ಕೈಯಲ್ಲಿ ದಿಂಬು ತರಿಸುವಷ್ಟರಲ್ಲಿ ನಿಶ್ಶಬ್ದರಾಯರು ಮೆಲ್ಲಗೆ ಕೆಮ್ಮಿ, ಆಕೆಯ ತಲೆಯ ಮೇಲಿನ ಫೋಟೋ ಕಡೆ ಬೆರಳು ತೋರಿಸಿದರು. "ಇಲ್ಲಿ ಎಲ್ಲರೂ ನಿಂತಿದ್ದಾರಲ್ಲ. ಇದು ನೀವೇ ಅಲ್ವಾ, ಎಡಗಡೆ? ಮೂಗು ಹಾಗೇ ಇದೆ."

ಸೈರನ್ನಮ್ಮ ಕತ್ತು ಹೊರಳಿಸಿ ನೋಡಿದಳು. ಸಾಲುಸಾಲು ಮಗ್ಗ, ಸಾಲುಸಾಲು ಹೆಂಗಸರು, ಒಬ್ಬಳ ಕೆಳಗೂ ಒಂದು ಮಣೆಯಾದರೂ ಇಲ್ಲ. "ಅದು... ಫೋಟೋದವನು ಏಳಿ ಅಂದ" ಎಂದಳು. ಅಂಥ ಬಡಕಲು ಸುಳ್ಳು ಆ ಬಾಯಿಂದ ಅದೇ ಮೊದಲ ಸಲ ಬಂದದ್ದು.

ಶಿಲ್ಪಿ ನಾದಿನಿಯ ಕಡೆ ತಿರುಗಿದ. "ನೀವು ಹೇಳಿ ತಾಯಿ. ಮಿಲ್ಲಿನಲ್ಲಿ ಕೂತಿರ್ತಿದ್ರಾ?"

ಆಗ ಆ ಅಂಗಡಿಯಲ್ಲಿ ಒಂದು ಘೋರ ಕದನ ನಡೆಯಿತು. ಯಾರ ಕಿವಿಗೂ ಬೀಳದ ಕದನ. ಸೈರನ್ನಮ್ಮನ ತುಟಿ: "ಹೂಂ ಅನ್ನೇ." ನಾದಿನಿಯ ತುಟಿ: "ಆಗಲ್ಲ." "ಕಲ್ಲು ಹೋಗುತ್ತೆ." "ನಾಲಿಗೆ ಹೊರಳಲ್ಲ ಅತ್ತಿಗೆ." "ನಿಮ್ಮಣ್ಣನ ಆಣೆ." "ಅಣ್ಣ ಸತ್ತು ಬದುಕಿದ." "ನಿನ್ನ ಮನೆ ಹಾಳಾಗ." ಎರಡು ಮುದಿ ಬಾಯಿಗಳು ಸದ್ದಿಲ್ಲದೆ ಅದುರುವುದನ್ನು ಶಿಲ್ಪಿ ಕಂಡ. ದುಃಖ ಒತ್ತರಿಸಿ ಮಾತೇ ಹೊರಡುತ್ತಿಲ್ಲ ಎಂದುಕೊಂಡ. ಕರವಸ್ತ್ರ ಮೂಗಿಗೇರಿತು. ನಿಶ್ಶಬ್ದರಾಯರೂ ಅವರಿಬ್ಬರನ್ನು ಮೊದಲ ಬಾರಿಗೆ ಗೌರವದಿಂದ ನೋಡಿದರು. ಇಷ್ಟು ನಿಶ್ಶಬ್ದವಾಗಿರಲು ಇವರಿಗೆ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ನಾದಿನಿ ಅತ್ತಿಗೆಯಿಂದ ಕಣ್ಣು ಕಿತ್ತು, ಕಾಫಿ ಕಪ್ಪು ನೋಡುತ್ತ ಹೇಳಿದಳು. "ಕೂತಿದ್ದೀವಿ ಸ್ವಾಮಿ. ಹೊರಗೆ ಆ ಕಲ್ಲಿನ ಮೇಲೆ ಕೂತಿದ್ದೀವಿ. ಬೇರೆಲ್ಲೂ ಕೂತಿಲ್ಲ."

"ಬೇರೆಲ್ಲೂ?"

"ಒಳಗೆ ಕೂರೋಕೆ ಬಿಡ್ತಿರಲಿಲ್ಲ. ತಡವಾಗಿ ಬಂದ್ರೆ ಮಾತ್ರ ಆ ಕಲ್ಲಿನ ಮೇಲೆ ಕೂರಿಸ್ತಿದ್ರು, ನಾಚಿಕೆ ಆಗ್ಲಿ ಅಂತ. ನಂಗೆ ನಾಚಿಕೆ ಆಗ್ತಿತ್ತು. ಆದ್ರೆ ಕಾಲಿಗೆ ಹಾಯಾಗ್ತಿತ್ತು."

ಶಿಲ್ಪಿಯ ಕಟ್ಟೆ ಒಡೆಯಿತು. ಕಾಫಿಗೆ ಎರಡು ಹನಿ ಬಿತ್ತು. ಅವನು ಎದ್ದು, ಹೊರಗೆ ಹೋಗಿ, ಕಲ್ಲನ್ನು ಕೈಯಿಂದ ಸವರಿ, ಮತ್ತೆ ಒಳಗೆ ಬಂದು ತೀರ್ಪು ಕೊಟ್ಟ. "ಅವಳು ನಿಲ್ಲಲ್ಲ. ಜೀವನವೆಲ್ಲ ನಿಂತವಳನ್ನ ನಾನು ಕಂಚಿನಲ್ಲೂ ನಿಲ್ಲಿಸಲ್ಲ. ಆ ಕಲ್ಲಿನ ಮೇಲೆ ಕೂರ್ತಾಳೆ."

"ಕಲ್ಲು ತುಂಬ ಹಳೆಯದು," ಎಂದರು ನಿಶ್ಶಬ್ದರಾಯರು. "ನಾವು ಹೊಸ ಉಕ್ಕಿನ ಬೆಂಚು..."

"ಅದೇ ಕಲ್ಲು. ಇಲ್ಲದಿದ್ರೆ ನನ್ನ ಬಿಟ್ಟುಬಿಡಿ."

ದೊಡ್ಡ ಹೆಸರನ್ನು ಬಿಡುವುದುಂಟೆ? ನಿಶ್ಶಬ್ದರಾಯರು ನುಂಗಿಕೊಂಡರು. ಆದರೆ ಸೋಲುವ ಕುಲವಲ್ಲ. ಆ ಸಂಜೆ ಗಾಜಿನ ಗೂಡಿನೊಳಗೆ ಖಜಾಂಚಿಗೆ, "ನಟ್ಟನಡುವೆ ಕೂರಿಸಿಬಿಟ್ಟರೆ ಆಯ್ತು. ಎರಡು ಕಡೆಯೂ ಅರ್ಧರ್ಧ ಆಳಿಗೂ ಜಾಗ ಇರಲ್ಲ" ಎಂದದ್ದನ್ನು ಕಲ್ಲಿನ ಮೇಲಿನ ರಂಗಮಂಡಳಿ ಚಾಚೂತಪ್ಪದೆ ಆಡಿ ಮುಗಿಸಿತು. ಮಾರನೆಯ ದಿನ ಶಿಲ್ಪಿ ಜೇಡಿಮಣ್ಣು ಹೊತ್ತು ಬಂದಾಗ ಸೈರನ್ನಮ್ಮ ಮುಂಚೆಯೇ ಕಲ್ಲಿನ ಒಂದು ತುದಿಗೆ ಒತ್ತಿಕೊಂಡು ಕೂತಿದ್ದಳು.

"ನಡುವೆ ಬನ್ನಿ ತಾಯಿ."

"ನಡುವೆ ಕೂರೋಳು ಮನೆ ಯಜಮಾನಿ ಸ್ವಾಮಿ. ಹೊರಗೆ ಹಾಕಿಸ್ಕೊಂಡೋಳು ತುದೀಲಿ ಕೂರ್ತಾಳೆ. ಇನ್ನೊಬ್ಬಳು ಲೇಟಾಗಿ ಬರ್ತಾಳಲ್ಲ, ಅವಳಿಗೆ ಜಾಗ ಬಿಟ್ಟು."

"ಹೌದೇ?" ಎಂದು ಶಿಲ್ಪಿ ನಾದಿನಿಯನ್ನು ಕೇಳಿದ. ಈ ಊರಿನಲ್ಲಿ ಯಾವ ಬಾಯಿಯ ಮಾತನ್ನು ನಂಬಬೇಕೆಂದು ಅವನಿಗೆ ಅರ್ಥವಾಗಿತ್ತು.

"ಅದು ನಿಜ" ಎಂದಳು ನಾದಿನಿ. ಅತ್ತಿಗೆಯ ಬಾಯಿಂದ ಅಪ್ಪಿತಪ್ಪಿ ಬಂದ ನಿಜಕ್ಕೆ ಅವಳಿಗೇ ಆಶ್ಚರ್ಯವಾದಂತಿತ್ತು.

ಮೈ ಬೇಗ ಬಂತು, ಮುಖ ಬರಲಿಲ್ಲ. ಶಿಲ್ಪಿಗೆ ತಲೆಮಾರುಗಳ ನೋವು ಬೇಕಿತ್ತು. ಎದುರಿಗಿದ್ದದ್ದು ತಿಂದು ತೇಗಿದ ಬೆಕ್ಕಿನ ಮುಖ. ಕಲ್ಲು ಉಳಿದ ಸಂತೋಷದಲ್ಲಿ ಸೈರನ್ನಮ್ಮ ಏನು ಮಾಡಿದರೂ ನಗು ತಡೆಯಲಾರಳು. "ಕಷ್ಟದ ದಿನ ನೆನೆಸ್ಕೊಳಿ ತಾಯಿ" ಎಂದರೆ ನೆನೆಸಿಕೊಂಡು ಇನ್ನೂ ನಗುವಳು. ಶಿಲ್ಪಿ ಮಣ್ಣು ಒದ್ದೆ ಮಾಡಿದ, ಒಣಗಿಸಿದ, ಮತ್ತೆ ಒದ್ದೆ ಮಾಡಿದ. ಒಂದು ಸಂಜೆ ಅವನು ಕೈ ಚೆಲ್ಲಿ ಕೂತಿದ್ದಾಗ, ನಿಶ್ಶಬ್ದರಾಯರು ನಾಯಿ ಹಿಡಿದುಕೊಂಡು ಗೇಟಿನಿಂದ ಹೊರಬಂದರು.

ಸೈರನ್ನಮ್ಮನ ಕೆಳತುಟಿ ಒಳಗೆ ಹೋಯಿತು. ಬಾಯಿ ಎಡಕ್ಕೆ ಎಳೆಯಿತು. ಎಡಗಣ್ಣು ಅರೆ ಮುಚ್ಚಿತು.

"ಅಲ್ಲಾಡಬೇಡಿ," ಎಂದ ಶಿಲ್ಪಿ, ಪಿಸುದನಿಯಲ್ಲಿ. ಅವನ ಬೆರಳು ಮಣ್ಣಿನ ಮೇಲೆ ಓಡಿತು. "ಹಾಗೇ ಇರಿ. ಇದೇ. ನುಂಗಿಕೊಂಡ ಅಳು ಇದೇ. ಹಿಡಿದಿಟ್ಟ ಕೂಗು ಇದೇ. ಅಧ್ಯಕ್ಷರೇ, ದಯವಿಟ್ಟು ಅಲ್ಲೇ ನಿಂತಿರಿ. ನೀವು ಬಂದ ಮೇಲೆ ಅವರಿಗೆ ಭಾವ ಬಂತು."

ನಿಶ್ಶಬ್ದರಾಯರು ನಿಂತರು. ಒಂದು ಮಹಾ ಕಲಾಕೃತಿಗೆ ತನ್ನ ಸಾನ್ನಿಧ್ಯದಿಂದ ಪ್ರೇರಣೆ ಸಿಕ್ಕಿತು ಎಂಬ ವಿನಯ ಅವರ ಮುಖದಲ್ಲಿ ಬೆಳಗಿತು. ನಾದಿನಿ ಸೆರಗಿನಿಂದ ಮುಖ ಮುಚ್ಚಿಕೊಂಡು ಗಡಗಡ ನಡುಗುತ್ತಿದ್ದುದನ್ನು ಕಂಡು ಶಿಲ್ಪಿ, "ಅಳಲಿ ಬಿಡಿ, ಹಗುರಾಗ್ತಾರೆ" ಎಂದ.

ಪ್ರತಿಮೆ ತೆರೆಯುವ ದಿನ ಪೇಟೆಯ ಗಣ್ಯರೆಲ್ಲ ಬಂದರು. ಸೈರನ್ನಮ್ಮ ಹೋಗಿ ಕೂಗಿ ಕರೆದಿದ್ದರಿಂದ ಬದುಕಿದ್ದ ಹಳೆಯ ನೇಯ್ಗೆಯವರೂ ಕೋಲು ಊರಿಕೊಂಡು, ಮೊಮ್ಮಕ್ಕಳ ತೋಳು ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರಿಗೆಂದು ಕುರ್ಚಿ ಹಾಕಿಸಿದ್ದರು. ಶಿಲ್ಪಿ ಪರದೆ ಎಳೆದ.

ಲೇಟುಕಲ್ಲಿನ ತುದಿಯಲ್ಲಿ ಕಂಚಿನ ಹೆಂಗಸು ಕೂತಿದ್ದಳು. ಕೆಳತುಟಿ ಒಳಗೆ, ಬಾಯಿ ಎಡಕ್ಕೆ, ಎಡಗಣ್ಣು ಅರೆ ಮುಚ್ಚಿ.

ಮುಂದಿನ ಸಾಲಿನ ಮುದುಕಿಯರೆಲ್ಲ ಒಟ್ಟಿಗೆ ದಡಬಡನೆ ಎದ್ದು ನಿಂತರು. ಒಬ್ಬಳು ತಿನ್ನುತ್ತಿದ್ದ ಬಿಸ್ಕತ್ತನ್ನು ಸೆರಗಿಗೆ ತುರುಕಿದಳು. ಒಬ್ಬಳ ಕೈ ಗಾಳಿಯಲ್ಲಿ ಇಲ್ಲದ ಎಳೆ ಹುಡುಕಿತು. ಆಮೇಲೆ, ಕಂಚಿನವಳು ನೋಡುತ್ತಿದ್ದ ಕಡೆಗೆ, ಹಳೆಯ ಟೈಂ ಆಫೀಸಿನ ಬಾಗಿಲ ಕಡೆಗೆ, ಎಲ್ಲರೂ ಕತ್ತು ತಿರುಗಿಸಿದರು. ಸರಿಯಾಗಿ ಅದೇ ಗಳಿಗೆಗೆ ಅಲ್ಲಿಂದ ಭಾಷಣದ ಕಾಗದ ಹಿಡಿದು ನಿಶ್ಶಬ್ದರಾಯರು ಹೊರಬಂದರು.

ಮೊದಲು ಯಾರು ನಕ್ಕರೋ ತಿಳಿಯದು. ಒಬ್ಬಳ ಭುಜ ಕುಲುಕಿತು, ಪಕ್ಕದವಳದು ಕುಲುಕಿತು, ಇಡೀ ಸಾಲು ಬಗ್ಗಿ ಮುಖ ಮುಚ್ಚಿಕೊಂಡಿತು. ಗಣ್ಯರಿಗೆ ಅದು ಸಾಮೂಹಿಕ ದುಃಖದಂತೆ ಕಂಡಿತು. ಪತ್ರಿಕೆಯವರು ಫೋಟೋ ಹೊಡೆದುಕೊಂಡರು. ಶಿಲ್ಪಿಯ ಕರವಸ್ತ್ರ ತೋಯ್ದುಹೋದದ್ದಕ್ಕೆ ಸೊಸೆ ಅಂಗಡಿಯ ಒಣ ಬಟ್ಟೆ ತಂದುಕೊಟ್ಟಳು.

ನಿಶ್ಶಬ್ದರಾಯರು ಗದ್ಗದಿತರಾಗಿ ಭಾಷಣ ಮುಗಿಸಿ, ಮೈಕನ್ನು ನಾದಿನಿಯ ಮುಂದೆ ಹಿಡಿದರು. "ಈ ತಾಯಿ ಸುಳ್ಳು ಹೇಳಿದವರಲ್ಲ ಅಂತ ಎಲ್ಲರೂ ಹೇಳ್ತಾರೆ. ಅವರೇ ಹೇಳಲಿ. ಅಮ್ಮಾ, ಈ ಮುಖ ನಿಜವಾದದ್ದೇ?"

ಸೈರನ್ನಮ್ಮ ಮೈಕಿನ ಹತ್ತಿರಕ್ಕೆ ಸರಿದಳು. ಕಲ್ಲು ಉಳಿಸಿದ ನಾಲಿಗೆಯೇ ಈಗ ಕಲ್ಲನ್ನು ಕಳೆಯುವಂತಿತ್ತು. ಅರ್ಥ ಏನು ಎಂದು ಒಂದು ಮಾತು ಕೇಳಿಬಿಟ್ಟರೆ ಸಾಕು, ಇವಳು ಹೇಳಿಯೇ ಬಿಡುತ್ತಾಳೆ. ತುಟಿ ಆಡಿಸೋಣವೆಂದರೆ ನಾದಿನಿ ಈ ಕಡೆ ನೋಡುತ್ತಲೇ ಇಲ್ಲ.

"ನಿಜ ಸ್ವಾಮಿ," ಎಂದಳು ನಾದಿನಿ. "ನಾವೆಲ್ಲ ದಿನಾ ಈ ಮುಖ ಮಾಡ್ತಿದ್ವಿ."

"ದಿನಾ," ಎಂದರು ನಿಶ್ಶಬ್ದರಾಯರು, ತಲೆದೂಗಿ.

"ಈಗ್ಲೂ ಮಾಡ್ತೀವಿ. ನಿಮ್ಮನ್ನ ಕಂಡಾಗೆಲ್ಲ."

ನಿಶ್ಶಬ್ದರಾಯರ ಕಣ್ಣು ತುಂಬಿ ಬಂತು. ಅವರು ಮೈಕಿನ ಸಮೇತ ನಾದಿನಿಯ ಎರಡೂ ಕೈ ಹಿಡಿದುಕೊಂಡರು. ಚಪ್ಪಾಳೆ ಬಿತ್ತು. ಸೈರನ್ನಮ್ಮ ಹಿಡಿದಿದ್ದ ಉಸಿರು ಬಿಟ್ಟದ್ದು ಮೈಕಿನಲ್ಲಿ ಬಿರುಗಾಳಿಯಂತೆ ಕೇಳಿಸಿತು.

ಅಂದಿನಿಂದ ನಿಶ್ಶಬ್ದರಾಯರು ನಿಧಾನ ಎನ್ನುವುದನ್ನು ಬಿಟ್ಟರು. ನಾಯಿ ಹಿಡಿದು ಹೊರಬಂದಾಗ ಕಂಚಿನವಳಿಗೂ ಅವಳ ಪಕ್ಕದ ಇಬ್ಬರಿಗೂ ತಲೆಬಾಗಿಸಿ ಹೋಗುತ್ತಾರೆ. ಮೂರು ಮುಖಗಳೂ ಒಂದೇ ಬಗೆಯಾಗಿ ಅವರನ್ನು ಬರಮಾಡಿಕೊಳ್ಳುತ್ತವೆ. ರಜೆಯ ದಿನ ಪೇಟೆಯಿಂದ ಬಂದವರು ಕಂಚಿನವಳ ಪಕ್ಕ ನಿಂತು, ಅವಳಂತೆಯೇ ತುಟಿ ಕಚ್ಚಿ ಕಣ್ಣು ಕಿರಿದು ಮಾಡಿ, ಒಬ್ಬರನ್ನೊಬ್ಬರು ನೋಡಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ, ಮಕ್ಕಳು ಅಪ್ಪನಿಗೆ ಕತ್ತೆ ಬಂತು ಎನ್ನುವುದನ್ನು ನೋಡುತ್ತ ಇಬ್ಬರಿಗೂ ಸಂಜೆ ಸರಿದದ್ದೇ ತಿಳಿಯುವುದಿಲ್ಲ.

ಒಂದೇ ಒಂದು ಕೊರತೆ. ಶಿಲ್ಪಿ ಕಂಚಿನವಳನ್ನು ಧಾರಾಳವಾಗಿ ಮಾಡಿದ್ದ. ಸೈರನ್ನಮ್ಮನ ಸೊಂಟದ ಸುತ್ತಳತೆಯಲ್ಲಿ ಅವನು ಒಂದು ಬೆರಳಗಲವನ್ನೂ ಉಳಿಸಿಕೊಂಡಿರಲಿಲ್ಲ. ಹಾಗಾಗಿ ಮೂವರಿಗೆ ಕಲ್ಲು ಇಕ್ಕಟ್ಟು.

"ಅತ್ತಿಗೆ, ನಾನು ಬಿದ್ದೋಗ್ತೀನಿ. ಸರ್ಕೊಳ್ಳಿ ಆ ಕಡೆ" ಎನ್ನುತ್ತಾಳೆ ನಾದಿನಿ.

ಸೈರನ್ನಮ್ಮ ಕಂಚಿನ ಸೊಂಟಕ್ಕೆ ಮೊಣಕೈಯಿಂದ ತಿವಿದು, ಮೂರು ಬೀದಿಗೆ ಕೇಳುವಂತೆ, "ಏ, ಸ್ವಲ್ಪ ಸರಿಯೇ" ಎನ್ನುತ್ತಾಳೆ. ಕಂಚಿನವಳು ಕದಲುವುದಿಲ್ಲ. ಆ ಗಂಟಲಿಗೆ ಜಗ್ಗದ ಹೆಣ್ಣೊಂದು ಆ ಬೀದಿಗೆ ಬಂದದ್ದು ಅದೇ ಮೊದಲು.

"ಅವಳು ಯಾರ ಹಾಗೆ ಅಂತೀರಿ?" ಎನ್ನುತ್ತಾಳೆ ನಾದಿನಿ, ಕಲ್ಲಿನ ಅಂಚಿನಲ್ಲಿ ಇನ್ನಷ್ಟು ಒತ್ತಿಕೊಳ್ಳುತ್ತ.